ಆರು ಡಿಗ್ರಿ ವಾರೆ

ಚಂದ್ರನ ಗುಂಡಿ ತೋಡಿದವನು ನಾನು.
ನಗಬೇಡಿ, ರಸೀದಿ ಇದೆ.
ಗಂಟೆಗೆ ಒಂಬೈನೂರು, ಡೀಸೆಲ್ ಅವರದು,
ಉಳ್ಳಾರ್ತಿ ಕಾವಲಲ್ಲಿ ಹತ್ತು ದಿನದ ಕೆಲಸ;
ಹತ್ತನೆಯ ದಿನದ್ದು ಇನ್ನೂ ಬರಬೇಕು.

ನಕ್ಷೆ ಹಿಡಿದವರು ಕೂಗುತ್ತಿದ್ದರು:
ಇಷ್ಟು ಅಗಲ, ಇಷ್ಟು ಆಳ, ಅಂಚು ಉಬ್ಬಿರಲಿ,
ಗೋಡೆ ನುಣ್ಣಗೆ ಬೇಡ ಪಾಲಯ್ಯ,
ಅಲ್ಲಿ ಯಾರೂ ಕರಣೆ ಆಡಿಸಿಲ್ಲ.
ಪಾಯ, ಕೃಷಿಹೊಂಡ, ಪೈಪಿನ ಕಾಲುವೆ,
ಎಲ್ಲ ದಾರ ಕಟ್ಟಿ ತೋಡಿದ ಕೈ ಇದು.
ಬೇಕೆಂದೇ ಸೊಟ್ಟ ತೋಡಲು
ಎರಡು ದಿನ ಹಿಡಿಯಿತು.

ಆಮೇಲೆ ವಿಮಾನ ಬಂತು, ಸುತ್ತಿತು, ನೋಡಿತು.
ಇಲ್ಲಿ ಇಳಿಯಬಾರದು, ಇಲ್ಲೂ ಬಾರದು ಎಂದು
ಯಂತ್ರದ ಕಣ್ಣಿಗೆ ಅಕ್ಷರ ತಿದ್ದಿಸಿದ್ದು
ನನ್ನ ಜೇಸಿಬಿಯ ಬಕೆಟ್ಟು.
ಆಮೇಲೆ ಮಳೆಯೂ ಬಂತು, ಅಪರೂಪಕ್ಕೆ.
ಚಂದ್ರನೊಳಗೆ ಎಮ್ಮೆ ಹೊರಳಿದ್ದನ್ನು
ಕಂಡವರು ಭೂಮಿಯಲ್ಲಿ ಎಷ್ಟು ಜನ?

ನೌಕೆ ಇಳಿದ ಸಂಜೆ ನಾನು ಚಳ್ಳಕೆರೆಯ
ಎಣ್ಣೆ ಮಿಲ್ಲಿನ ಹಿಂದೆ ಟಯರು ಬಿಚ್ಚುತ್ತಿದ್ದೆ.
ಪಟಾಕಿ ಕೇಳಿ, ಯಾರ ಗೆಲುವೋ ಅಂದುಕೊಂಡೆ.

ಈ ಪುಷ್ಯದಲ್ಲಿ ತಸ್ಕೀನ್ ಮೇಡಂ ಬಂದರು.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ
ಹೊಗೆಯಲ್ಲಿ ಬೆಳೆದವರು,
ಕಾದ ಮರಳಿನ ಬುದ್ಧಿ ಗೊತ್ತು ಅವರಿಗೆ.
ಮಣ್ಣಿಗೆ ಚುಚ್ಚುವ ಕಡ್ಡಿಯೊಂದು ಕೈಯಲ್ಲಿ.
ಇಂಥದ್ದೇ ಕಡ್ಡಿ, ಪಾಲಯ್ಯ, ಅಲ್ಲೂ ಚುಚ್ಚಿದ್ದು.
ಮೇಲ್ಮಣ್ಣು ಎಂಬತ್ತೆರಡು ಡಿಗ್ರಿ ಕಾದಿತ್ತು,
ಅಷ್ಟು ಯಾರೂ ಎಣಿಸಿರಲಿಲ್ಲ.
ಒಂದು ಹೆಜ್ಜೆ ಆಚೆ, ಸಮತಟ್ಟಿನಲ್ಲಿ,
ಬರೀ ಅರವತ್ತು.

ಹಾಗೇಕೆ?

ಇಳಿದ ಜಾಗ ವಾರೆ. ಆರೇ ಡಿಗ್ರಿ,
ಸೂರ್ಯನ ಕಡೆಗೆ.

ನನ್ನ ಎದೆ ಧಸಕ್ಕೆಂದಿತು.
ಆ ವಾರೆ ನಾನು ತೋರಿಸಿರಲಿಲ್ಲವಾ ಮೇಡಂ?
ಅವರು ನಕ್ಕರು. ಸಮ ಇದ್ದಿದ್ದರೆ
ಇದು ತಿಳಿಯುತ್ತಲೇ ಇರಲಿಲ್ಲ ಎಂದರು.
ಆರು ಡಿಗ್ರಿಗೆ ಇಷ್ಟು ಬಿಸಿಯಾದರೆ,
ಬಿಸಿಲಿಗೆ ಬೆನ್ನು ಹಾಕಿದ ಹದಿನಾಲ್ಕು ಡಿಗ್ರಿ ಇಳುಕಲಲ್ಲಿ
ಮಣ್ಣಿನ ಸ್ವಲ್ಪ ಕೆಳಗೇ ಹಿಮ ಇರಬಹುದು.
ಇರಬಹುದು, ಎಂದು ಮತ್ತೊಮ್ಮೆ ಹೇಳಿದರು,
ಹಾಲು ಉಕ್ಕದಂತೆ ಉರಿ ತಗ್ಗಿಸುವವರ ಹಾಗೆ.

ಕಂಬಳಿ ಹೊದ್ದು ನಿಂತಿದ್ದಳು
ಗೊಲ್ಲರಹಟ್ಟಿಯ ಚಿತ್ತಮ್ಮ,
ಕಾವಲಿಗೆ ಬೇಲಿ ಬಿದ್ದಾಗಿನಿಂದ
ಸಂದಿಯಲ್ಲಿ ಕುರಿ ನುಗ್ಗಿಸುವವಳು.
‘ಅದನ್ನ ಕೇಳಾಕೆ ಅಷ್ಟು ದೂರ ಹೋದ್ರಾ?
ಗುಡ್ಡದ ಬಡಗಣ ಮಗ್ಗಲಾಗೆ
ಶಿವರಾತ್ರಿ ಗಂಟ ಹುಲ್ಲು ಹಸಿ ಇರ್ತೈತೆ.
ತೆಂಕಣ ಮಗ್ಗಲಾಗೆ ದೀವಳಿಗೆ ಕಳದ್ರೆ ಬೂದಿ.
ನಿಮ್ಮ ಚಂದ್ರಂಗೆ ಮಗ್ಗಲು ಇಲ್ವಾ?’

ಮೇಡಂ ಮಾತಾಡಲಿಲ್ಲ. ಬರೆದುಕೊಂಡರು.
ಮಟಮಟ ಮಧ್ಯಾಹ್ನ ನನ್ನ ಹಳೇ ಗುಂಡಿಗೆ ಇಳಿದು
ಬಿಸಿಲಿಗೆ ಎದುರಾದ ಗೋಡೆಗೆ ಕಡ್ಡಿ ಚುಚ್ಚಿದರು:
ನಲವತ್ತೇಳು.
ಬಡಗಕ್ಕೆ ಮುಖ ಮಾಡಿದ ಗೋಡೆಯಲ್ಲಿ
ಚುಚ್ಚಲು ಜಾಗ ಇರಲಿಲ್ಲ.
ಚಿತ್ತಮ್ಮನ ಏಳು ಮರಿ ಹೊಟ್ಟೆ ಒತ್ತಿ ಮಲಗಿದ್ದವು,
ಯಾರೂ ಕಲಿಸದೆ, ಮೆತ್ತಗೆ ಇಳಿದು.

ಒಂದನ್ನು ಎತ್ತಿ ಸರಿಸಿ ಚುಚ್ಚಿದೆವು. ಇಪ್ಪತ್ತೊಂಬತ್ತು.
ಮರಿಯ ಮೈಬಿಸಿ ಸೇರಿದೆ ಎಂದು
ಮೇಡಂ ಆ ಅಂಕಿ ಹೊಡೆದುಹಾಕಿ
ಕಾಲು ಗಂಟೆ ಕಾದರು. ನಾನೂ ಕಾದೆ.
ಗಂಟೆ ಲೆಕ್ಕದ ಬಾಡಿಗೆಯವನು
ಬಿಟ್ಟಿ ಕಾದದ್ದು ಅದೇ ಮೊದಲು.
ಇಪ್ಪತ್ತಾರು, ಎಂದರು ಕೊನೆಗೆ.
ಮರಿ ತಿರುಗಿ ಬಂದು ಅಲ್ಲೇ ಮಲಗಿತು,
ಕಡ್ಡಿಯನ್ನು ಮೂತಿಯಿಂದ ತಳ್ಳಿ.

ಈಗಲೂ ಪಾಯಕ್ಕೆ ರಸಮಟ್ಟ ಇಡುತ್ತೇನೆ.
ಗುಳ್ಳೆ ಕೂದಲೆಳೆ ಸರಿದಿದ್ದರೆ, ಮೊದಲಿನ ಹಾಗೆ,
ಮೇಸ್ತ್ರಿಯನ್ನು ಬೈಯಲು ಬಾಯಿ ಬರುವುದಿಲ್ಲ.
ಯಾವ ಕಡೆಗೆ ವಾರೆ, ಯಾವ ಕಡೆ ಬಿಸಿಲು,
ಕತ್ತೆತ್ತಿ ನೋಡುತ್ತೇನೆ ಒಂದು ಗಳಿಗೆ.
ಆಮೇಲೆ ಸರಿ ಮಾಡುತ್ತೇನೆ,
ಮನೆ ಅವರದಲ್ಲವೇ.