ಒಂದು ಮನೆ ಆಚೆ

ಹಾಸನದ ಬಸ್ ನಿಲ್ದಾಣದಲ್ಲಿ ಕಡೂರಿನ ಗಾಡಿ ಹೊರಡುವ ಹೊತ್ತು.
ಕಂಡಕ್ಟರ್ ಶಿವನಂಜಪ್ಪನ ಕೈಗೆ ಪೊಟ್ಟಣ ಕೊಟ್ಟೆ.
"ಒಡೆಯೋ ಸಾಮಾನೇನಮ್ಮ?"
"ಒಡೆಯಲ್ಲ, ಬಿಚ್ಚಿಕೊಳ್ಳುತ್ತೆ" ಅಂದೆ.
ಟಿಕೆಟ್ ಚೀಲದ ಪಕ್ಕದಲ್ಲಿಟ್ಟುಕೊಂಡ,
ಮಲಗಿದ ಕೂಸನ್ನಿಟ್ಟುಕೊಂಡ ಹಾಗೆ.

ಒಳಗಿರುವುದು ಒಂದು ಗಜ ಮ್ಯಾಟಿ ಬಟ್ಟೆ.
ಒಂದು ತಿಂಗಳು ನನ್ನ ಮಡಿಲಲ್ಲಿ,
ಒಂದು ತಿಂಗಳು ಬೇಲೂರಿನಲ್ಲಿ, ಜಬೀನಾಳ ಸ್ಟೌವ್ ರಿಪೇರಿ ಅಂಗಡಿಯ ಗಲ್ಲಾದ ಹಿಂದೆ,
(ಅವಳ ತಿಂಗಳಲ್ಲಿ ಬಟ್ಟೆಗೆ ಸೀಮೆಎಣ್ಣೆ ವಾಸನೆ)
ಒಂದು ತಿಂಗಳು ಕಡೂರಿನ ದಾಕ್ಷಾಯಣಿ ಟೀಚರ ಕಿಟಕಿಯಲ್ಲಿ.
ಯಾರ ಮೇಜಿಗೆ ಹಾಸಲು ಇದು?
ಆ ಮಾತು ಮೂವರೂ ಎತ್ತಿಲ್ಲ.

ನಾವು ಪರಿಚಯವಾದದ್ದೇ ಜಗಳದಲ್ಲಿ.
ದಾರದಂಗಡಿಯಲ್ಲಿ ದಾಳಿಂಬೆ ಬಣ್ಣದ್ದು ಒಂದೇ ಲಡಿ ಉಳಿದಿತ್ತು,
ಮೂರು ಕೈ ಒಟ್ಟಿಗೇ ಬಿತ್ತು.
"ಆರೆಳೆ ದಾರ, ತಲೆಗೆ ಎರಡೆಳೆ" ಅಂದರು ಟೀಚರು,
ಅಲ್ಲೇ ನಿಂತು ಸೀಳಿ ಹಂಚಿದರು.
ಎಳೆಗೆ ಇಷ್ಟು ಅಂತ ದುಡ್ಡೂ.

"ಮೂವತ್ತೊಂದು ವರ್ಷ ಲೆಕ್ಕದ ಪುಸ್ತಕಗಳಲ್ಲಿ
ಕೆಂಪು ಪೆನ್ನಿನಲ್ಲಿ ಹಾಕಿದ ತಪ್ಪಿನ ಗುರುತನ್ನೇ
ಈಗ ದಾರದಲ್ಲಿ ಹಾಕ್ತಿದ್ದೀನಿ.
ಸಾವಿರ ತಪ್ಪು ಸೇರಿದರೆ ಗಿಣಿ ಆಗುತ್ತೆ ನೋಡು!"
ಅವರದೇ ಕಾನೂನು:
ಮೇಲಿನ ಕಾಲೆಲ್ಲ ಒಂದೇ ಕಡೆ ವಾಲಬೇಕು.
ಗಂಟು ಹಾಕಕೂಡದು.
ಹಿಂಬದಿ ತೋರಿಸಲು ನಾಚುವವರು ಹೊಲಿಯಲೇಬಾರದು.

ಈ ಸಲ ಬಂದ ಬಟ್ಟೆಯಲ್ಲಿ
ಟೀಚರ ಬಳ್ಳಿ ಒಂದು ಮನೆ ಆಚೆ ಸರಿದಿತ್ತು.
ಸೂಜಿಮೊನೆಯಿಂದ ಎಣಿಸಿದೆ, ದೀಪ ಹಾಕಿ ಎಣಿಸಿದೆ.
ಹದಿನಾಲ್ಕಿರಬೇಕಾದಲ್ಲಿ ಹದಿನೈದು.
ನನ್ನ ಗಿಣಿಯ ಕೊಕ್ಕಿಗೂ ಅವರ ಹಣ್ಣಿಗೂ ನಡುವೆ
ಒಂದೇ ಒಂದು ಖಾಲಿ ಮನೆ.

ಸುಳ್ಳೇಕೆ, ಮೊದಲು ಖುಷಿಯೇ ಆಯಿತು.
"ಟೀಚರೂ ತಪ್ಪಿದರು ಕಣೇ!" ಜಬೀನಾಗೆ ಫೋನು ಮಾಡಿದೆ.
ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಹಿಂಬದಿ ನೋಡಿದ್ಯಾ?"

ತಿರುಗಿಸಿದೆ.
ಒಂದೇ ಕಣ್ಣು ಹುಡುಕಿ ನಾಲ್ಕು ಕಡೆ ಚುಚ್ಚಿದ ಗಾಯ.
ಹಸಿರು ಮುಗಿಯುವಲ್ಲಿ ಗೊತ್ತಿಲ್ಲದೆ ಹೊಕ್ಕ ನೀಲಿ.
ಗಂಟು, ಗಂಟು, ಗಂಟಿನ ಮೇಲೆ ಗಂಟು.

"ಪೊರೆ ಬಂದಿದೆ, ಎರಡಕ್ಕೂ.
ಸೂಜಿಗೆ ದಾರ ಪೋಣಿಸಿಕೊಡೋದು ಪಕ್ಕದ ಮನೆ ಹುಡುಗಿ.
ನಿನಗೆ ಹೇಳಬೇಡ ಅಂದಿದ್ರು."
ನನಗೆ ಮಾತ್ರ.
ಅದು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು,
ಎಣಿಕೆ ತಪ್ಪದೆ.

ಆ ರಾತ್ರಿ ಕತ್ತರಿ ಹಿಡಿದು ಕೂತೆ.
ಬಿಚ್ಚಿದ್ದು ನನ್ನ ಗಿಣಿಯನ್ನು.
ಮೂರು ವಾರದ ಗಿಣಿ, ಗರಿ ಗರಿಯಾಗಿ ತಟ್ಟೆಗೆ ಬಿತ್ತು.
ಬಟ್ಟೆಯ ಕಣ್ಣುಗಳು ಒಂದೊಂದೇ ತೆರೆದುಕೊಂಡವು.
ಒಂದು ಮನೆ ಆಚೆಯಿಂದ ಮತ್ತೆ ಶುರು ಮಾಡಿದೆ.
ಜಬೀನಾ ಮಾತ್ರ, "ನಾನು ಬಿಚ್ಚಲ್ಲಪ್ಪ,
ಅಷ್ಟೊಂದು ಪ್ರೀತಿ ನನ್ನ ಹತ್ತಿರ ಇಲ್ಲ,
ಸಂದಿಗೆ ಒಂದು ಎಲೆ ತುರುಕ್ತೀನಿ" ಅಂದಳು.

ಆಪರೇಷನ್ ಆಗಿ ಎರಡು ತಿಂಗಳಿಗೆ
ಕಡೂರಿನ ಕಿಟಕಿಯಲ್ಲಿ ಮೂವರೂ ಕೂತೆವು.
ಟೀಚರು ಕಪ್ಪು ಕನ್ನಡಕ ತೆಗೆದಿಟ್ಟು
ಬಟ್ಟೆ ಹರಡಿ, ತುಟಿಯಲ್ಲೇ ಎಣಿಸಿದರು.
"ಹದಿನೈದು. ಯಾರದು ಈ ಕತ್ತೆ ಲೆಕ್ಕ?"

ಜಬೀನಾ ದಾರ ಹಲ್ಲಲ್ಲಿ ಕಚ್ಚಿ ಹೊರಗೆ ನೋಡಿದಳು,
ರೈಲು ಯಾವುದೂ ಹೋಗುತ್ತಿರಲಿಲ್ಲ.
"ನನ್ನದು" ಅಂದೆ.

ಬಟ್ಟೆ ಮಗುಚಿದರು.
ತುಂಬ ಹೊತ್ತು ಮಗುಚೇ ಇಟ್ಟುಕೊಂಡರು,
ಒಂದು ಗಂಟನ್ನು ಹೆಬ್ಬೆರಳಲ್ಲಿ ಸವರುತ್ತ.
ಆಮೇಲೆ ಮುಂಬದಿ ಮೇಲೆ ಮಾಡಿ, ಮಡಚುತ್ತ,
"ಗಿಣಿ ಸುಮಾರಾಗಿದೆ" ಅಂದರು.
"ಎಲೆ ಚೆನ್ನಾಗಿದೆ."