ಮೂರನೇ ತಂತಿ, ಐದನೇ ಮನಿ

ಹರಿದ ಎಳಿಗೆ ಗಂಟು ಹಾಕಾಕ ನನಗ ಒಂದು ಉಸಿರು ಸಾಕು.
ಹೆಬ್ಬಟ್ಟು, ತೋರಬೆರಳು, ಒಂದು ತಿರುವು, ಆತು.
ಸೊಲ್ಲಾಪುರದ ಟಾವೆಲ್ ಮಗ್ಗದ ಮುಂದ
ಇಪ್ಪತ್ತಾರು ವರ್ಷ ಇದನ್ನ ಮಾಡ್ಯಾವ ಈ ಬೆರಳು,
ಕಣ್ಣು ಬೇಕಾಗಿಲ್ಲ ಅವಕ್ಕ.
ಈಗ ಮೂರನೇ ತಂತಿ ಮುಂದ ಮಾತ್ರ
ಸಾಲಿಗೆ ಹೊಸದಾಗಿ ಬಂದ ಹುಡುಗರಂಗ
ಒಂದನ್ನೊಂದು ನೂಕತಾವ.

ಗಿಟಾರು ಮಂಗಳವಾರ ಬಜಾರದ್ದು.
ಮಿಕ್ಸರಿನ ಜಾರು, ಕೆಟ್ಟ ಪಂಪು, ಒಂಟಿ ಚಪ್ಪಲಿ,
ಅವುಗಳ ನಡುವ ಐದೇ ತಂತಿ ಇಟ್ಟುಕೊಂಡು ಬೋರಲ ಬಿದ್ದಿತ್ತು.
ಆರನೂರು ಅಂದಾಂವ ನಾಕನೂರ ಐವತ್ತಕ್ಕ ಕೊಟ್ಟ.
ಯಾಕ ತಂದಿ ಅಂತ ಕಾಶೀಬಾಯಿ ಕೇಳಿದ್ಳು.
ಚರ್ಚಿನ ಗ್ವಾಡಿ ಆಚೆ ಒಬ್ಬ ಹುಡುಗ ನುಡಸತಿದ್ದ,
ನನ್ನ ಸೈಕಲ್ಲು ತಾನಾಗೇ ನಿಂತಿತು
ಅಂತ ಹೆಂಗ ಹೇಳೂದು?
ಸಸ್ತಾ ಸಿಕ್ತು ಅಂದೆ.

ಆ ಹುಡುಗನ ಈಗ ಗುರು. ಯೋಹಾನ, ಹತ್ತೊಂಬತ್ತು ವರ್ಷ.
ಮರಾಠಿಯೊಳಗ ಬೈತಾನ,
ನಾ ಕನ್ನಡದಾಗ ಬೈಸಿಕೊಳ್ತೀನಿ.
"ಕಾಕಾ, ಬರೇ ಐದು ಸ್ವರ. ಅಷ್ಟರಾಗ ಎಲ್ಲಾ ಅದ."
ಹತ್ತಿ ಬಿಡಿಸೂ ಮಂದಿ ಕಟ್ಟಿದ್ದಂತ ಈ ಬ್ಲೂಸು,
ಸಮುದ್ರದ ಆಚೆ, ಯಾರದೋ ಹೊಲದಾಗ, ಯಾರದೋ ಚಾಟಿ ಕೆಳಗ.
ಹತ್ತಿ ಅಂದಮ್ಯಾಲ ನಮ್ಮ ಬೀಗರ ಬಿಡು ಅಂದೆ.
ಅವರು ಬಿಡಿಸ್ಯಾರ, ನಾವು ನೇದೇವಿ,
ಮೈ ಒರಸಿಕೊಂಡವರು ಬ್ಯಾರೆ.
ಹುಡುಗ ನಗಲಿಲ್ಲ. ತಂತಿ ಬಿಗಿ ಮಾಡಿಕೋತ ಕುಂತ.

"ಐದನೇ ಮನಿ. ತೋರಬೆರಳು. ಈಗ ದಬ್ಬರಿ.
ಪೂರಾ ಬ್ಯಾಡ, ಅರ್ಧಾನೂ ಅಲ್ಲ, ಕಾಲು.
ಗಂಟಲು ಬಿಗೀಬೇಕು ಕಾಕಾ,
ಕಣ್ಣೀರು ಬರಬಾರದು. ಅಷ್ಟು."
ಅಷ್ಟು ಅಂದ್ರ ಎಷ್ಟು?
ಹಾಸಿನ ಬಿಗಿ ಆದ್ರ ಅಂಗೈ ಇಟ್ಟು ಹೇಳತಿದ್ದೆ.

ಕಿವಿ ಬ್ಯಾರೆ ಹೋಗ್ಯಾವ.
ದವಾಖಾನ್ಯಾಗ ಒಂದು ಕಾಗದ ಕೊಟ್ಟಾರ,
ಗೀಟು ಬಲಕ್ಕ ಹೋದಂಗ ಇಳಿಜಾರು.
ಮೊಮ್ಮಗಳ ಕಾಲಗೆಜ್ಜಿ ಆ ಇಳಿಜಾರಿನಾಗ ಎಲ್ಲೋ ಉರುಳಿ ಹೋತು.
ಅದಕ್ಕ ಗಿಟಾರಿನ ಕಟಿಗಿಗೆ ಗದ್ದ ಹಚ್ಚಿ ನುಡಸ್ತೀನಿ,
ಹಲ್ಲಿನಾಗ ಕೇಳತದ ನನಗ,
ಥಣ್ಣಗ, ಬಾಯಾಗ ಮೊಳಿ ಹಿಡದಂಗ.

ಆಷಾಢದ ಹೊತ್ತಿಗೆ ಒಂದು ಲಿಕ್ಕು ಕೈಗೆ ಹತ್ತಿತು.
ಹತ್ತಿದ್ದೇ ತಡ, ಬಿಡಲಿಲ್ಲ ನಾನು,
ಅದರ ಬಾಲಕ್ಕ ಅದನ್ನ ಜೋಡಿಸಿ, ಮತ್ತ ಜೋಡಿಸಿ...
"ಕಾಕಾ, ಮಗ್ಗ ನಿಲ್ಲಸ್ರಿ!"
ಒಂದು ಮಾತು ಆಡಬೇಕಂತ,
ಆಮ್ಯಾಲ ಬಾಯಿ ಮುಚ್ಚಬೇಕಂತ,
ಎದುರಿನವರು ಹೂಂ ಅನ್ನೂತನಕ.

ನನಗ ಅದು ಬರೂದಿಲ್ಲ.
ಮಗ್ಗ ನಿಂತ್ರ ಪಗಾರ ನಿಂತಂಗ,
ಮುಕಾದಮ ಓಡಿ ಬಂದಂಗ.
ಆದರ ಒಂದು ಬರತದ:
ನಲವತ್ತೆಂಟು ಮಗ್ಗ ಕೂಗತಿರುವಾಗ
ಬೆನ್ನ ಹಿಂದ ಒಂದೇ ಒಂದು ನಿಂತ್ರ
ತಿರುಗದ ಹೇಳ್ತೀನಿ ಯಾವ್ದು ಅಂತ.
ಸಪ್ಪಳದಾಗ ಒಂದು ತೂತು ಬೀಳತದ,
ಅದರಾಗಿಂದ ಗಾಳಿ ಬಂದು ಕುತಗಿಗೆ ಹತ್ತತದ.
ಹುಡುಗ ಬಹುಶಃ ಅದನ್ನ ಕೇಳಾಕತ್ಯಾನ.

ನಿನ್ನೆ ರಾತ್ರಿ ಕರೆಂಟು ಹೋಗಿತ್ತು.
ಓಣಿ ತುಂಬ ಮಗ್ಗ ಎಲ್ಲಾ ಒಮ್ಮೆಲೆ ಸುಮ್ಮಾದ್ವು.
ಹೊಸ್ತಿಲ ಮ್ಯಾಲ ಕುಂತು, ಗದ್ದ ಹಚ್ಚಿ,
ಮೂರನೇ ತಂತಿ, ಐದನೇ ಮನಿ,
ದಬ್ಬಿದೆ. ತುಸು ಹೆಚ್ಚೇ ಏರಿತು, ಇರಲಿ.
ಕೈ ಎತ್ತಿದೆ.
ಕಾದೆ.

ಒಳಗ ಕತ್ತಲದಾಗ ಭಾಂಡಿ ತಿಕ್ಕೂದು ನಿಂತಿತು.
ನನಗ ಕೇಳಲಿ ಅಂತ ದಿನಾ ಕೂಗೂವಷ್ಟೇ ಜೋರಾಗಿ
"ಹೂಂ?" ಅಂದ್ಳು ಕಾಶೀಬಾಯಿ,
"ಕರದ್ಯಾ?"

ಇಲ್ಲ ಅಂದೆ.
ಮತ್ತ ನುಡಿಸಿದೆ.