ಮೂರು ಸಲ ತೆರೆಯುವ ಕೊಕ್ಕು

ಅಂಧೇರಿಯಲ್ಲಿ, ಪಂಪ್ ರಿಪೇರಿ ಅಂಗಡಿಯ ಮೇಲೆ
ಮೊಟ್ಟೆ ಟ್ರೇಯಂಥ ಸ್ಪಂಜು ಬಡಿದ ಒಂದು ಕೋಣೆ.
ಫ್ಯಾನಿಲ್ಲ, ಫ್ಯಾನಿನ ಸದ್ದು ಮೈಕಿಗೆ ಆಗದು.
ಅಲ್ಲಿ ನಾನು ಗುಂಪು.
ಧಣಿ ಬಾತು ಸೀಟಿ ಊದಿದರೆ
ಹಿಂದೆ ನಿಂತ ಎಂಟು ಹಳದಿ ಬಾತುಗಳು
‘ಹೌದು ಹೌದು’ ಅನ್ನಬೇಕು. ಎಂಟೂ ನಾನೇ.
ಒಂದಕ್ಕೆ ಮೂಗಿನಿಂದ, ಒಂದಕ್ಕೆ ಹೊಟ್ಟೆಯಿಂದ,
ಒಂದಕ್ಕೆ, ಯಾರಿಗೂ ಹೇಳಬೇಡಿ, ನಮ್ಮತ್ತೆಯ ದನಿ.
ದುಡ್ಡು ತಾಸಿನ ಲೆಕ್ಕದಲ್ಲಿ, ಬಾತಿನ ಲೆಕ್ಕದಲ್ಲಲ್ಲ.

ನೀಲಿ ಬಾತೂ ನಾನೇ. ಅದಕ್ಕೆ ಪ್ರತಿ ಕಂತಿನ ಕೊನೆಗೆ
ಕೆಸರಿಗೆ ಬೀಳುವ ಕೆಲಸ.

ಅಸಲ್ಫಾದ ನಮ್ಮ ಚಾಳಿನಲ್ಲಿ ಕನ್ನಡ ಚಾನೆಲ್ಲು ಬರುವುದು
ಸೇಸಪ್ಪ ಕುಂದರರ ಮನೆಯಲ್ಲಿ ಮಾತ್ರ.
ಮೊಮ್ಮಗಳು ಋತ್ವಿ ಜಗಳವನ್ನೂ ಮರಾಠಿಯಲ್ಲೇ ಆಡುತ್ತಾಳೆಂದು
ಹಾಕಿಸಿದ್ದು. ಈಗ ಅವಳಿಗಿಂತ ಮುಂದೆ ಅವರೇ ಕೂತಿರುತ್ತಾರೆ,
ಗಿರಣಿಯ ಕ್ಯಾಂಟೀನಿನಲ್ಲಿ ಯೂನಿಯನ್ ಕಟ್ಟಿದವರು,
ಮಾತಾಡುವಾಗ ಹೆಬ್ಬೆರಳಿಂದ ಗಾಳಿಗೆ ಅಡಿಗೆರೆ ಎಳೆಯುವವರು:
‘ನೋಡಿ, ಸೀಟಿ ಯಾರ ಕೈಲಿ? ಕೊಳ ಯಾರದು?
ಹಳದಿಗಳಿಗೆ ಸಂಬಳ ಕೊಟ್ಟದ್ದನ್ನು
ಒಂದು ಕಂತಿನಲ್ಲಾದರೂ ತೋರಿಸಿದ್ದಾರಾ?’

ನಿವೃತ್ತ ಪೋಸ್ಟ್‌ಮಾಸ್ಟರ್ ಹೆರ್ಳೆ ನೋಡುವುದು ಹೊಸ್ತಿಲಾಚೆ ನಿಂತೇ,
ಚಪ್ಪಲಿ ಬಿಟ್ಟು ಒಳಗೆ ಬಂದರೆ
ಒಪ್ಪಿದಂತಾದೀತೆಂಬ ಅಂಜಿಕೆ.
‘ಛೆ, ಎಲ್ಲಕ್ಕೂ ಒಂದೇ ಪಾತ್ರೆ, ಒಂದೇ ಟೊಪ್ಪಿ,
ಅಪ್ಪ ಅಮ್ಮ ಅಂತ ಒಬ್ಬರಿಲ್ಲ.
ನಿಮ್ಮವರದ್ದೇ ಕೆಲಸ ಇದು, ಕುಂದರ್.’

ನೀಲಿ ಯಾರ ಬಣ್ಣ ಎಂಬಲ್ಲಿಗೆ ಮಾತು ಬಂದಾಗ
ಮೂಲೆಮನೆಯ ಸೋನವಣೆ ಬಾಯಿ
ಲಟ್ಟಣಿಗೆ ಸಮೇತ ಬಂದು ನಿಂತು
‘ನೀಲಿಯೇ ಯಾಕೆ ಪ್ರತಿ ಸಲ ಕೆಸರಿಗೆ?’ ಅಂದರು.
ಇಬ್ಬರೂ ಟಿವಿ ನೋಡಿದರು.

ಋತ್ವಿ ಹೇಳಿದಳು: ‘ಮೋಡ ಅದೇ.
ಆಗ ಹೋದದ್ದೇ ಮತ್ತೆ ಬಂತು.’

ಅಂದಿನ ಕಂತಿನಲ್ಲಿ ನೀಲಿ ಬಾತು ಕೆಸರಿನಿಂದೆದ್ದು
ಧಣಿಯ ಮುಖ ನೋಡಿ ಅಂದಿತು: ತಪ್ಪಾಯ್ತು.
ಕುಂದರ್ ತೊಡೆ ಬಡಿದುಕೊಂಡರು: ‘ಹೀಗೇ ಒಡೆಯುವುದು ಮುಷ್ಕರ!’
ಹೆರ್ಳೆ ತಲೆದೂಗಿದರು: ‘ಇದೊಂದು ಸಂಸ್ಕಾರ ಕಲಿಸಿದರು.’
ಬಾಯಿಗೆ ಕನ್ನಡ ಬಾರದು. ಕುಂದರ್ ಮರಾಠಿ ಮಾಡಿ ಹೇಳಿದ ಮೇಲೆ
ಏನೂ ಅನ್ನದೆ ಲಟ್ಟಣಿಗೆ ಹಿಡಿದು ಹೊರಟುಹೋದರು.

ನಾನು ಬಾಯಿ ಬಿಡಲಿಲ್ಲ.
ಹಾಳೆಯಲ್ಲಿ ಬರೆದಿದ್ದದ್ದು ‘ಇದು ನ್ಯಾಯವಲ್ಲ’.
ಪರದೆಯ ಮೇಲೆ ಕೊಕ್ಕು ತೆರೆಯುವುದು ಮೂರೇ ಸಲ,
ನಡುವಿನದಕ್ಕೆ ಮುನ್ನ ಒಮ್ಮೆ ಪೂರ್ತಿ ಮುಚ್ಚಿ.
‘ಅನ್ಯಾಯ’ ಎಂದು ನೋಡಿದೆ. ಮೂರಕ್ಕೆ ಮೂರು ಸರಿ.
ಆದರೆ ನೀವೇ ಅಂದು ನೋಡಿ,
ಅನ್ಯಾಯ ಎನ್ನುವಾಗ ತುಟಿ ಎಲ್ಲೂ ಕೂಡುವುದಿಲ್ಲ.
ಗಾಜಿನಾಚೆಯ ಹುಡುಗ, ಕನ್ನಡ ಬಾರದವನು, ಗಡಿಯಾರ ನೋಡಿದ.
ಭೋಜಪುರಿಯವರು ಹೊರಗೆ ಕಾದಿದ್ದರು.
‘ತಪ್ಪಾಯ್ತು’ ಅಂದೆ. ಅಚ್ಚುಕಟ್ಟಾಗಿ ಕೂತಿತು.
ಅವನು ಹೆಬ್ಬೆರಳೆತ್ತಿದ.
ಅಷ್ಟೇ. ಯಾವ ಧಣಿಯೂ ಹೇಳಿ ಬರೆಸಿದ್ದಲ್ಲ.
ಅಷ್ಟೇ ಎಂದರೆ ಅಷ್ಟೇನಾ ಎಂದು
ರಾತ್ರಿ ಪಾತ್ರೆ ತಿಕ್ಕುವಾಗ ಅನಿಸಿದ್ದು ನಿಜ.

ಮರುದಿನ ಗ್ಯಾಲರಿಯಲ್ಲಿ, ಋತ್ವಿಯ ಮುಂದೆ
ಹಾಲಿನ ಲೋಟ ಹಿಡಿದು ನಿಂತ ಅಜ್ಜ,
ಸೀಟಿ ಊದುವುದೊಂದು ಬಾಕಿ.
ಅವಳು ಕೆನೆ ನೋಡಿದಳು. ಮೂತಿ ಮುಂದೆ ಮಾಡಿ
ಹೊಸದಾಗಿ ಕಲಿತ ಕನ್ನಡದಲ್ಲಿ ಅಂದಳು:
ಒಪ್ಪಲ್ಲ.

ಒ. ಪ್ಪ. ಲ್ಲ.
ಬೆರಳು ಮಡಚಿ ಎಣಿಸಿದೆ.
ನಡುವೆ ತುಟಿ ಕೂಡಿದ್ದನ್ನು ಕಣ್ಣಾರೆ ಕಂಡೆ.

ಕಂತು ಹೋಗಿಯಾಗಿದೆ. ಮತ್ತೆ ಹಾಕುತ್ತಾರೆ, ಹಾಕುತ್ತಲೇ ಇರುತ್ತಾರೆ,
ನಾನು ನೋಡದ ಊರುಗಳಲ್ಲಿ, ಮಕ್ಕಳ ಅನ್ನದ ತಟ್ಟೆಯ ಎದುರು
ನೀಲಿ ಬಾತು ನನ್ನ ದನಿಯಲ್ಲಿ
ತಪ್ಪೊಪ್ಪಿಕೊಳ್ಳುತ್ತಲೇ ಇರುತ್ತದೆ.

ಇವತ್ತು ಮೆಟ್ರೋ ಸಾಕಿನಾಕಾ ದಾಟುವಾಗ
ಕಿಟಕಿಯ ಗಾಜಿಗೆ ಮುಖ ಮಾಡಿ
ಸದ್ದಿಲ್ಲದೆ ಕೊಕ್ಕು ಆಡಿಸಿ ನೋಡಿದೆ.
ಪಕ್ಕದ ಹೆಂಗಸು ಚೀಲ ತುಸು ಹತ್ತಿರ ಎಳೆದುಕೊಂಡಳು.
ಅಂಧೇರಿಯಲ್ಲಿ ಕೆಲಸ ಕಾದಿದೆ:
ಎಂಟು ಬಾತು, ಒಂದು ಹೌದು.